ಹೊಸ ವರ್ಷಕ್ಕೆ ಹೊಸ ವೈನ್: ಯಾವ ದಾರಿ ಹಿಡಿದರೆ ಒಳ್ಳೇದು?

ಹೊಸ ವರ್ಷದಲ್ಲಿ ಗೊತ್ತಿಲ್ಲದ ವೈನ್‌ಗಳನ್ನು ಪರಿಚಯ ಮಾಡಿಕೊಳ್ಳಬೇಕು ಅಂತ ಮನಸ್ಸು ಮಾಡಿದ್ದೀರಾ? ಒಳ್ಳೇದು. ಆದರೆ ಶುರು ಮಾಡೋದು ಎಲ್ಲಿಂದ? ಮಾರಾಟಕ್ಕೆ ಬರುವ ವೈನ್‌ಗೆ ಬಳಸುವ ದ್ರಾಕ್ಷಿ ತಳಿಗಳೇ ಜಗತ್ತಿನಲ್ಲಿ 1300ಕ್ಕೂ ಹೆಚ್ಚಿವೆ. ಅದೇ ತಳಿ ಊರು ಬದಲಾದರೆ ಬೇರೆ ರುಚಿ ಕೊಡುತ್ತದೆ, ಮಾಡುವ ಬಗೆ ಬದಲಾದರೆ ಇನ್ನೂ ಬೇರೆ. "ಈ ವರ್ಷ ವೈನ್ ಬಗ್ಗೆ ಕಲಿಯುತ್ತೇನೆ" ಅಂತ ಡೈರಿಯಲ್ಲಿ ಬರೆದಿಟ್ಟರೆ ಅದು ಡೈರಿಯಲ್ಲೇ ಉಳಿಯುತ್ತದೆ, ಯಾಕೆಂದರೆ ಮುಂದಿನ ಬಾಟಲಿ ಯಾವುದು ಅಂತ ಆ ಸಾಲು ಹೇಳುವುದಿಲ್ಲ.

ಜನ ಸಾಮಾನ್ಯವಾಗಿ ಹಿಡಿಯುವ ದಾರಿಗಳು ಐದು. ನೂರು ತಳಿ ಮುಗಿಸುವುದು. ಒಂದೇ ತಳಿಯನ್ನು ಬೇರೆ ಬೇರೆ ಊರುಗಳಲ್ಲಿ ಹಿಂಬಾಲಿಸುವುದು. ಒಂದೇ ಪ್ರದೇಶದಲ್ಲಿ ಬೇರೂರುವುದು. ಮಾಡುವ ವಿಧಾನಗಳನ್ನು ಹೋಲಿಸುವುದು. ಕೋರ್ಸ್ ಸೇರುವುದು. ಐದೂ ಒಳ್ಳೆಯವೇ, ಆದರೆ ಎಲ್ಲರಿಗೂ ಎಲ್ಲವೂ ಹೊಂದುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎಷ್ಟು ವೈನ್ ರುಚಿ ನೋಡಿದಿರಿ ಅನ್ನೋದಕ್ಕಿಂತ, ಯಾವುದರ ಪಕ್ಕ ಯಾವುದನ್ನು ಇಟ್ಟು ನೋಡಿದಿರಿ ಅನ್ನೋದು ಜಾಸ್ತಿ ಕಲಿಸುತ್ತದೆ. ಒಂದೇ ಒಂದು ವೈನ್ ಕುಡಿದು "ಇದರಲ್ಲಿ ಹುಳಿ ಜಾಸ್ತಿ" ಅಂದರೆ, ಯಾವುದಕ್ಕಿಂತ ಜಾಸ್ತಿ? ಪಕ್ಕದಲ್ಲಿ ಇನ್ನೊಂದು ಗ್ಲಾಸ್ ಇದ್ದರೆ ಆ ಪ್ರಶ್ನೆಗೆ ಉತ್ತರ ಬಾಯಲ್ಲೇ ಸಿಗುತ್ತದೆ. ಐದು ದಾರಿಗಳನ್ನೂ ಇದೇ ಅಳತೆಯಲ್ಲಿ ತೂಗಿ ನೋಡೋಣ.

ನೂರು ತಳಿಗಳ ಗುರಿ

ಇದು ಬಹಳ ಜನರಿಗೆ ಇಷ್ಟವಾಗುವ ಗುರಿ. ನೂರು ತಳಿ ರುಚಿ ನೋಡಿದವರಿಗೆ ಅಂತಲೇ ವೈನ್ ಸೆಂಚುರಿ ಕ್ಲಬ್ ಅನ್ನುವ ಒಂದು ಕೂಟವೂ ಇದೆ. ಪಟ್ಟಿಯಲ್ಲಿ ಒಂದೊಂದೇ ಟಿಕ್ ಹಾಕುತ್ತಾ ಹೋಗುವ ಖುಷಿ ಬೇರೆ. ದೊಡ್ಡ ಲಾಭ ಏನೆಂದರೆ, ಕೈ ತಾನಾಗಿಯೇ ಗೊತ್ತಿರುವ ಬಾಟಲಿ ಬಿಟ್ಟು ಗೊತ್ತಿಲ್ಲದ ಬಾಟಲಿಯ ಕಡೆ ಹೋಗುತ್ತದೆ.

ತೊಂದರೆ ಎರಡು. ಒಂದು, ಹೆಸರುಗಳ ಗೊಂದಲ. ಗ್ರೆನಾಶ್, ಗಾರ್ನಾಚಾ, ಕನ್ನೊನಾವು ಮೂರೂ ಒಂದೇ ತಳಿ. ಮೂರ್ವೆದ್ರ್, ಮೊನಾಸ್ಟ್ರೆಲ್, ಮಟಾರೊ ಕೂಡ ಹಾಗೇ. ಕ್ಯಾಲಿಫೋರ್ನಿಯಾದ ಜಿನ್‌ಫ್ಯಾಂಡೆಲ್ ಮತ್ತು ದಕ್ಷಿಣ ಇಟಲಿಯ ಪ್ರಿಮಿಟಿವೊ ಎರಡೂ ಕ್ರೊಯೇಷಿಯಾದ ಒಂದು ಹಳೇ ತಳಿಯೇ ಅಂತ ಡಿಎನ್‌ಎ ಪರೀಕ್ಷೆಯಿಂದ ಗೊತ್ತಾಗಿದ್ದು 2001ರಲ್ಲಿ. ಚಿಲಿಯಲ್ಲಂತೂ ಮೆರ್ಲೊ ಅಂತ ಬೆಳೆದು ಮಾರುತ್ತಿದ್ದುದರಲ್ಲಿ ದೊಡ್ಡ ಪಾಲು ನಿಜವಾಗಿ ಕಾರ್ಮೆನೇರ್ ಅಂತ 1994ರಲ್ಲಿ ಫ್ರಾನ್ಸಿನ ತಳಿ ತಜ್ಞ ಜಾನ್-ಮಿಷೆಲ್ ಬೂರ್ಸಿಕೊ ಗುರುತಿಸುವವರೆಗೆ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಬೆಳೆಗಾರರಿಗೇ ಹೀಗಾದರೆ ನಿಮ್ಮ ಪಟ್ಟಿಯಲ್ಲಿ ಒಂದೇ ತಳಿ ಎರಡು ಸಲ ಸೇರುವುದು ದೊಡ್ಡ ವಿಷಯವಲ್ಲ, ಬರೆಯುವ ಮುಂಚೆ ಒಮ್ಮೆ ನೋಡಿಕೊಂಡರೆ ಆಯಿತು.

ಎರಡನೇ ತೊಂದರೆ ಇದಕ್ಕಿಂತ ದೊಡ್ಡದು. ವರ್ಷಕ್ಕೆ ನೂರು ಅಂದರೆ ವಾರಕ್ಕೆ ಸುಮಾರು ಎರಡು. ಈ ಓಟದಲ್ಲಿ ಯಾವುದನ್ನೂ ಎರಡನೇ ಸಲ ನೋಡುವುದಕ್ಕೆ ಬಿಡುವು ಸಿಗುವುದಿಲ್ಲ. ಒಂದು ತಳಿಯ ಒಂದೇ ಬಾಟಲಿ ನೋಡಿದವರಿಗೆ, ಆ ರುಚಿ ತಳಿಯದ್ದೋ, ಊರಿನದ್ದೋ, ಮಾಡಿದವರದ್ದೋ ಅಂತ ಹೇಳೋಕೆ ಆಗಲ್ಲ. ಹಾಗಾಗಿ ನೂರು ಬೇಡ, ಇಪ್ಪತ್ತನಾಲ್ಕು ಸಾಕು: ತಿಂಗಳಿಗೆ ಎರಡು, ಎರಡೂ ಒಟ್ಟಿಗೆ, ಅಕ್ಕಪಕ್ಕ. ಈಗಾಗಲೇ ಸಾಕಷ್ಟು ವೈನ್ ನೋಡಿ ಅದೇ ನಾಲ್ಕೈದು ತಳಿಗಳಲ್ಲಿ ಸಿಕ್ಕಿಕೊಂಡವರಿಗೆ ಈ ದಾರಿ ತುಂಬಾ ಚೆನ್ನಾಗಿ ಹೊಂದುತ್ತದೆ. ಹೊಸಬರಿಗೆ ನಾನು ಇದನ್ನು ಹೇಳುವುದಿಲ್ಲ.

ಒಂದೇ ತಳಿ, ಬೇರೆ ಬೇರೆ ಊರು

ಹೊಸಬರು ಕೇಳಿದರೆ ನಾನು ಕಣ್ಣುಮುಚ್ಚಿ ಹೇಳುವುದು ಇದನ್ನೇ. ತಳಿ ಒಂದೇ ಇರುವುದರಿಂದ ಬದಲಾಗುವುದು ಏನು ಅಂತ ಸ್ಪಷ್ಟವಾಗಿ ಕಾಣುತ್ತದೆ. ಯಾವ ತಳಿ ಆರಿಸಿಕೊಳ್ಳುತ್ತೀರಿ ಅನ್ನೋದು ಮಾತ್ರ ಮುಖ್ಯ. ಊರು ಬದಲಾದಾಗ ಸ್ವಭಾವ ದೊಡ್ಡದಾಗಿ ಬದಲಾಯಿಸುವ ತಳಿ ಬೇಕು.

ನನ್ನ ಮೊದಲ ಆಯ್ಕೆ ರೀಸ್ಲಿಂಗ್. ಜರ್ಮನಿಯ ಮೋಸೆಲ್ ಕಣಿವೆಯ ಕಾಬಿನೆಟ್ (ಅಲ್ಲಿನ ಹಗುರವಾದ ಒಂದು ದರ್ಜೆಯ ವೈನ್) ಒಂದು, ಆಸ್ಟ್ರೇಲಿಯಾದ ಕ್ಲೇರ್ ವ್ಯಾಲಿಯದ್ದು ಒಂದು, ಎರಡನ್ನೂ ಎದುರಿಗಿಟ್ಟುಕೊಳ್ಳಿ. ಸುರಿಯುವ ಮುಂಚೆ ಲೇಬಲ್‌ನಲ್ಲಿ ಆಲ್ಕೋಹಾಲ್ ಎಷ್ಟು ಅಂತ ನೋಡಿ. ಮೋಸೆಲ್‌ನ ಕಾಬಿನೆಟ್‌ನಲ್ಲಿ ಸಾಮಾನ್ಯವಾಗಿ 8 ಅಥವಾ 9 ಪರ್ಸೆಂಟ್ ಇರುತ್ತದೆ, ಕ್ಲೇರ್‌ನದ್ದರಲ್ಲಿ 12ರ ಆಸುಪಾಸು. ಯೀಸ್ಟ್ ದ್ರಾಕ್ಷಿಯ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತದೆ ಅಲ್ವಾ, ಹಾಗಾದರೆ ಆಲ್ಕೋಹಾಲ್ ಕಡಿಮೆ ಇರುವ ಕಡೆ ಒಂದಿಷ್ಟು ಸಕ್ಕರೆ ಹಾಗೇ ಉಳಿದಿದೆ ಅಂತ ಲೆಕ್ಕ. ಈಗ ರುಚಿ ನೋಡಿ. ಮೋಸೆಲ್‌ನದ್ದು ನಾಲಿಗೆ ತುದಿಯಲ್ಲಿ ಸಿಹಿಯಾಗಿ ಶುರುವಾಗುತ್ತದೆ, ಇನ್ನೇನು ಜಾಸ್ತಿ ಆಯಿತು ಅನ್ನುವಷ್ಟರಲ್ಲಿ ಹುಳಿ ಬಂದು ಬಾಯಿ ತೊಳೆದುಬಿಡುತ್ತದೆ. ಕ್ಲೇರ್‌ನದ್ದರಲ್ಲಿ ಸಿಹಿಯ ಸುಳಿವೇ ಇಲ್ಲ, ನಿಂಬೆಯ ವಾಸನೆ, ನೇರವಾದ ಹುಳಿ, ಕೊನೆಗೂ ಬಾಯಲ್ಲಿ ಸಿಹಿ ಉಳಿಯುವುದಿಲ್ಲ. ಎರಡೂ ಒಂದೇ ಹಣ್ಣು! ಹುಳಿ ಮತ್ತು ಸಿಹಿ ಬೇರೆ ಬೇರೆ ಸಂಗತಿಗಳು, ಎರಡೂ ಒಂದೇ ವೈನ್‌ನಲ್ಲಿ ಜೋರಾಗಿ ಇರಬಹುದು ಅನ್ನೋದು ಈ ಎರಡು ಗ್ಲಾಸ್‌ಗಳಲ್ಲಿ ತಿಳಿದಷ್ಟು ಚೆನ್ನಾಗಿ ಓದಿದರೆ ತಿಳಿಯುವುದಿಲ್ಲ. ಆಮೇಲೆ ಮೂರನೆಯದಾಗಿ ಫ್ರಾನ್ಸಿನ ಅಲ್ಸಾಸ್‌ನದ್ದು ಸೇರಿಸಿ, ಅದು ಇನ್ನೂ ತುಂಬಿಕೊಂಡ, ಗಟ್ಟಿ ಮೈಯ ವೈನ್ (ಮೈ ಅಂದರೆ ಬಾಯಲ್ಲಿ ಅನ್ನಿಸುವ ತೂಕ).

ಶೆನಿನ್ ಬ್ಲಾಂ ಕೂಡ ಅಷ್ಟೇ ಒಳ್ಳೆಯ ಆಯ್ಕೆ. ಫ್ರಾನ್ಸಿನ ಲ್ವಾರ್ ಕಣಿವೆಯ ವೂವ್ರೆ ಅನ್ನುವ ಒಂದೇ ಹೆಸರಿನಡಿ ಸಿಹಿ ಇಲ್ಲದ್ದು, ಅರೆಸಿಹಿ, ಪೂರ್ತಿ ಸಿಹಿ, ನೊರೆ ಬರುವುದು, ಎಲ್ಲವೂ ಇದೇ ತಳಿಯಲ್ಲಿ ಸಿಗುತ್ತವೆ. ಜಗತ್ತಿನಲ್ಲಿ ಅತಿ ಹೆಚ್ಚು ಶೆನಿನ್ ಬೆಳೆಯುವ ದೇಶ ಮಾತ್ರ ದಕ್ಷಿಣ ಆಫ್ರಿಕಾ. ಅಲ್ಲಿನ ಸ್ವಾರ್ಟ್‌ಲ್ಯಾಂಡ್‌ನ ಹಳೇ ಬಳ್ಳಿಗಳ ಶೆನಿನ್ ಒಂದನ್ನು ವೂವ್ರೆ ಪಕ್ಕ ಇಟ್ಟು ನೋಡಿ.

ಕೆಂಪು ವೈನ್ ಬೇಕು ಅನ್ನುವವರಿಗೆ ಸಿರಾ. ಫ್ರಾನ್ಸಿನ ಉತ್ತರ ರೋನ್‌ನದ್ದರಲ್ಲಿ ಕರಿಮೆಣಸಿನ ವಾಸನೆ ಎದ್ದು ಕಾಣುತ್ತದೆ, ಆಸ್ಟ್ರೇಲಿಯಾದ ಬರೋಸಾದಲ್ಲಿ ಅದೇ ತಳಿ ಶಿರಾಜ್ ಅನ್ನುವ ಹೆಸರಿನಲ್ಲಿ ಮಾಗಿದ ಹಣ್ಣಿನ ರುಚಿ ಕೊಡುತ್ತದೆ. ಆ ಮೆಣಸಿನ ವಾಸನೆಗೆ ಕಾರಣ ರೊಟುಂಡೋನ್ ಅನ್ನುವ ವಸ್ತು, ಕರಿಮೆಣಸಿನಲ್ಲಿ ಇರುವುದೂ ಅದೇ. ಸುಮಾರು ಐದರಲ್ಲಿ ಒಬ್ಬರಿಗೆ ಅದರ ವಾಸನೆ ಗೊತ್ತಾಗುವುದೇ ಇಲ್ಲ. ಹಾಗಾಗಿ ಪಕ್ಕದಲ್ಲಿ ಕೂತವರು "ಮೆಣಸು, ಮೆಣಸು" ಅನ್ನುವಾಗ ನಿಮಗೆ ಏನೂ ಸಿಗದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಮೂಗಿಗೆ ಸಿಕ್ಕಿದ್ದನ್ನೇ ಬರೆದುಕೊಳ್ಳಿ.

ಒಂದೇ ಪ್ರದೇಶ, ವರ್ಷವಿಡೀ

ತಳಿಗಳ ಹೆಸರು ಒಂದಷ್ಟು ಪರಿಚಯ ಇದ್ದು, ಇನ್ನು ಆಳಕ್ಕೆ ಇಳಿಯಬೇಕು ಅನ್ನುವವರಿಗೆ ಇದು. ಇಲ್ಲಿ ನಕ್ಷೆ ಬೇಕು, ಸ್ವಲ್ಪ ಇತಿಹಾಸ ಬೇಕು, ತಾಳ್ಮೆ ಜಾಸ್ತಿ ಬೇಕು. ಬದಲಿಗೆ ಸಿಗುವುದೂ ಜಾಸ್ತಿ, ಯಾಕೆಂದರೆ ಒಂದು ಜಾಗದ ಮಣ್ಣು, ಗಾಳಿ, ಜನ, ಎಲ್ಲವೂ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತಾ ಹೋಗುತ್ತವೆ.

ಪ್ರದೇಶದ ಗಾತ್ರ ನೋಡಿ ಆರಿಸಿ. ಇಟಲಿ ಅಂತ ಬರೆದುಕೊಂಡರೆ ವರ್ಷ ಸಾಲುವುದಿಲ್ಲ, ನೂರಾರು ಸ್ಥಳೀಯ ತಳಿಗಳಿರುವ ದೇಶ ಅದು. ಎಟ್ನಾ ಅಂತ ಬರೆದುಕೊಳ್ಳಿ: ಒಂದೇ ಜ್ವಾಲಾಮುಖಿ, ಕೆಂಪಿಗೆ ಮುಖ್ಯವಾಗಿ ನೆರೆಲ್ಲೊ ಮಸ್ಕಲೇಸೆ, ಬಿಳಿಗೆ ಕರ್ರಿಕಾಂತೆ. ಅಥವಾ ನೆಬ್ಬಿಯೋಲೊ ತಳಿ ಬೆಳೆಯುವ ಲಾಂಗೆ ಬೆಟ್ಟಗಳು. ಅಲ್ಲಿ ಆ ತಳಿಯ ಬರೋಲೊ ವೈನ್ ಮಾರಾಟಕ್ಕೆ ಬರುವ ಮುಂಚೆ ಕನಿಷ್ಠ 38 ತಿಂಗಳು ಮಾಗಬೇಕು, ನೆರೆಯ ಬಾರ್ಬರೆಸ್ಕೊಗೆ 26 ತಿಂಗಳು ಸಾಕು. ಎರಡನ್ನೂ ಕೊಳ್ಳುವುದು ಕಷ್ಟ ಅನ್ನಿಸಿದರೆ ಲಾಂಗೆ ನೆಬ್ಬಿಯೋಲೊ ಅಂತ ಬರೆದ ಬಾಟಲಿಯಿಂದ ಶುರು ಮಾಡಿ, ಅದೇ ತಳಿಯ ಸರಳ ರೂಪ ಅದು, ಬೇಗ ಕುಡಿಯಬಹುದು.

ನನ್ನನ್ನು ಕೇಳಿದರೆ ಮೊದಲ ವರ್ಷಕ್ಕೆ ಗ್ರೀಸ್ ಅತ್ಯುತ್ತಮ. ಗಾತ್ರ ಹದವಾಗಿದೆ, ತಳಿಗಳು ಬೇರೆಲ್ಲೂ ಅಷ್ಟಾಗಿ ಸಿಗದವು, ಒಂದೊಂದೂ ಒಂದೊಂದು ಊರಿಗೆ ಅಂಟಿಕೊಂಡಿದೆ. ನೆಮೆಯಾಗೆ ಅಗಿಯೊರ್ಗಿಟಿಕೊ, ನಾವುಸಾಗೆ ಕ್ಸಿನೊಮಾವ್ರೊ, ಸ್ಯಾಂಟೊರಿನಿಗೆ ಅಸಿರ್ಟಿಕೊ. ಸ್ಯಾಂಟೊರಿನಿ ದ್ವೀಪದಲ್ಲಿ ಬಳ್ಳಿಗಳನ್ನು ಚಪ್ಪರಕ್ಕೆ ಹಬ್ಬಿಸುವುದಿಲ್ಲ. ಕೊಂಬೆಗಳನ್ನು ಸುತ್ತಿ ಸುತ್ತಿ, ನೆಲಕ್ಕೆ ತಾಗಿದ ಹಕ್ಕಿ ಗೂಡಿನ ಹಾಗೆ ಬುಟ್ಟಿ ಹೆಣೆಯುತ್ತಾರೆ, ಗೊನೆಗಳು ಆ ಬುಟ್ಟಿಯ ಒಳಗೆ ಬೆಳೆಯುತ್ತವೆ. ಹೊರಗೆ ಸಮುದ್ರದ ಗಾಳಿ ಮರಳು ಎತ್ತಿ ಬಡಿಯುತ್ತಿರುತ್ತದೆ, ಮಳೆ ತೀರಾ ಕಡಿಮೆ, ಬಿಸಿಲು ಸುಡುತ್ತದೆ. ಅಲ್ಲಿನ ಜ್ವಾಲಾಮುಖಿಯ ಮರಳು ಮಣ್ಣಿನಲ್ಲಿ ಫಿಲಾಕ್ಸೆರಾ ಹುಳ ಬದುಕುವುದಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಬೇರಿಗೇ ಬಿದ್ದು ಯುರೋಪಿನ ದ್ರಾಕ್ಷಿ ತೋಟಗಳನ್ನು ನೆಲಸಮ ಮಾಡಿದ ಹುಳ ಅದು. ಹಾಗಾಗಿ ಅಲ್ಲಿನ ಬಳ್ಳಿಗಳು ಕಸಿ ಇಲ್ಲದೆ ತಮ್ಮದೇ ಬೇರಿನ ಮೇಲೆ ನಿಂತಿವೆ. ಇಷ್ಟು ಬಿಸಿಲಿನ ಜಾಗದ ವೈನ್‌ನಲ್ಲಿ ಹುಳಿ ಸತ್ತುಹೋಗಿರಬೇಕು ಅಂತ ಅನ್ನಿಸುತ್ತದೆ. ಅಸಿರ್ಟಿಕೊ ಒಂದು ಗುಟುಕು ಬಾಯಿಗೆ ಹಾಕಿಕೊಳ್ಳಿ, ಹುಳಿ ಚುರುಕಾಗಿ, ಕೊನೆಯಲ್ಲಿ ಸ್ವಲ್ಪ ಉಪ್ಪುಪ್ಪಾಗಿ ಇರುತ್ತದೆ. ಅದು ಆ ತಳಿಯ ವಿಶೇಷ.

ಜಾರ್ಜಿಯಾ ಇನ್ನೊಂದು ಬಲವಾದ ಆಯ್ಕೆ. ಸುಮಾರು ಎಂಟು ಸಾವಿರ ವರ್ಷ ಹಿಂದಿನ ಮಡಕೆ ಚೂರುಗಳಲ್ಲಿ ವೈನ್‌ನ ಕುರುಹು ಸಿಕ್ಕಿದೆ ಅಂತ 2017ರಲ್ಲಿ ಪ್ರಕಟವಾದ ಸಂಶೋಧನೆ ಹೇಳಿದ್ದು ಇದೇ ದೇಶದ ಬಗ್ಗೆ. ಅಲ್ಲಿನ ಸಪೆರಾವಿ ಹಣ್ಣಿನ ಸಿಪ್ಪೆ ಮಾತ್ರ ಅಲ್ಲ, ತಿರುಳೂ ಕೆಂಪು, ವೈನ್ ಬಣ್ಣ ಶಾಯಿಯಷ್ಟು ದಟ್ಟ. ಪೋರ್ಚುಗಲ್‌ನಲ್ಲಿ 250ಕ್ಕೂ ಹೆಚ್ಚು ಸ್ಥಳೀಯ ತಳಿಗಳಿವೆ, ಆದರೆ ಹಲವು ತಳಿ ಬೆರೆಸಿ ಮಾಡುವುದು ಅಲ್ಲಿ ಸಾಮಾನ್ಯ. ಒಂದೊಂದು ತಳಿಯನ್ನು ಬೇರೆ ಮಾಡಿ ಕಲಿಯಬೇಕು ಅನ್ನುವವರಿಗೆ ಸ್ವಲ್ಪ ಕಷ್ಟ. ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ.

ಈ ದಾರಿಯ ದೊಡ್ಡ ತೊಡಕು ಒಂದೇ, ಸಿಗುವುದು. ನಿಮ್ಮ ಕೈಗೆಟಕುವ ಕಡೆ ಆ ಪ್ರದೇಶದ ಕನಿಷ್ಠ ಐದಾರು ಬೇರೆ ಬೇರೆ ಬಾಟಲಿ ಸಿಗುತ್ತವಾ ಅಂತ ಗುರಿ ಬರೆಯುವ ಮುಂಚೆಯೇ ನೋಡಿಕೊಳ್ಳಿ. ಸಿಗದಿದ್ದರೆ ಪ್ರದೇಶ ಬದಲಾಯಿಸಿ.

ಮಾಡುವ ವಿಧಾನದ ದಾರಿ

"ಎಲ್ಲ ವೈನ್ ಒಂದೇ ಥರ ಅನ್ನಿಸುತ್ತಿದೆ" ಅನ್ನುವವರಿಗೆ ನಾನು ತೋರಿಸುವ ಬಾಗಿಲು ಇದು. ಇಲ್ಲಿ ವ್ಯತ್ಯಾಸ ಹುಡುಕಬೇಕಾಗಿಲ್ಲ, ಅದೇ ಎದ್ದು ಬಂದು ಮುಖಕ್ಕೆ ಹೊಡೆಯುತ್ತದೆ.

ಸ್ಪೇನಿನ ಹೆರೆಸ್‌ನ ಶೆರಿ ತಗೊಳ್ಳಿ. ಫಿನೊ ಮತ್ತು ಒಲೊರೊಸೊ, ಎರಡೂ ಸಾಮಾನ್ಯವಾಗಿ ಪಲೊಮಿನೊ ತಳಿಯವೇ. ಫಿನೊಗೆ ಸುಮಾರು 15 ಪರ್ಸೆಂಟ್ ಆಗುವಷ್ಟು ಆಲ್ಕೋಹಾಲ್ ಸೇರಿಸುತ್ತಾರೆ. ಆ ಮಟ್ಟದಲ್ಲಿ ಪೀಪಾಯಿಯೊಳಗೆ ವೈನ್ ಮೇಲೆ ಯೀಸ್ಟ್‌ನ ಒಂದು ಬಿಳೀ ಕೆನೆ ಕಟ್ಟುತ್ತದೆ, ಅದಕ್ಕೆ ಫ್ಲೋರ್ ಅನ್ನುತ್ತಾರೆ. ಆ ಕೆನೆ ಗಾಳಿ ತಾಗದ ಹಾಗೆ ವೈನನ್ನು ಕಾಯುತ್ತದೆ. ಒಲೊರೊಸೊಗೆ 17 ಅಥವಾ ಅದಕ್ಕಿಂತ ಮೇಲೆ ಏರಿಸುತ್ತಾರೆ, ಅಲ್ಲಿ ಆ ಯೀಸ್ಟ್ ಬದುಕುವುದಿಲ್ಲ, ವೈನ್ ವರ್ಷಗಟ್ಟಲೆ ಗಾಳಿಗೆ ಒಡ್ಡಿಕೊಂಡೇ ಮಾಗುತ್ತದೆ. ಗ್ಲಾಸ್‌ಗೆ ಸುರಿದು ನೋಡಿ: ಫಿನೊ ಒಣಹುಲ್ಲಿನ ತಿಳಿ ಬಣ್ಣ, ಒಲೊರೊಸೊ ಕಂದು. ಒಂದರಲ್ಲಿ ಹಸಿ ಬಾದಾಮಿ, ಬ್ರೆಡ್ ಹಿಟ್ಟಿನ ವಾಸನೆ, ಬಾಯಲ್ಲಿ ಒಣಒಣ. ಇನ್ನೊಂದು ಅಕ್ರೋಟಿನ ಹಾಗೆ, ಭಾರ, ದುಂಡಗೆ. ಎರಡು ಪರ್ಸೆಂಟ್ ಆಲ್ಕೋಹಾಲ್‌ನ ಒಂದು ನಿರ್ಧಾರ ಇಷ್ಟು ದೂರ ಕರೆದುಕೊಂಡು ಹೋಗುತ್ತದೆ.

ಫ್ರಾನ್ಸಿನ ಜುರಾದ ವ್ಯಾಂ ಜೋನ್ ಕೂಡ ಯೀಸ್ಟ್ ಕೆನೆಯ ಕೆಳಗೇ ಮಾಗುವುದು, ಆದರೆ ಅದಕ್ಕೆ ಹೊರಗಿನ ಆಲ್ಕೋಹಾಲ್ ಸೇರಿಸುವುದಿಲ್ಲ. ಕೊಯ್ಲಾಗಿ ಆರು ವರ್ಷ ಕಳೆದ ಮೇಲೇ ಹೊರಗೆ ಬರುತ್ತದೆ, ಅದೂ 62 ಸೆಂಟಿಲೀಟರ್‌ನ ವಿಶೇಷ ಬಾಟಲಿಯಲ್ಲಿ. ಸುಲಭಕ್ಕೆ ಸಿಗುವುದಲ್ಲ, ದುಬಾರಿ ಕೂಡ. ಸಿಕ್ಕರೆ ಫಿನೊ ಪಕ್ಕದಲ್ಲಿಟ್ಟು ನೋಡಬೇಕಾದ ವೈನ್.

ಜಾರ್ಜಿಯಾದ ಕ್ವೆವ್ರಿ ವೈನ್ ಇನ್ನೊಂದು ಲೋಕ. ನೆಲದಲ್ಲಿ ಕುತ್ತಿಗೆವರೆಗೆ ಹೂತಿಟ್ಟ ದೊಡ್ಡ ಮಣ್ಣಿನ ಹಂಡೆ, ಒಳಗೆ ಜೇನುಮೇಣದ ಲೇಪ. ಬಿಳಿ ದ್ರಾಕ್ಷಿಯನ್ನು ಸಿಪ್ಪೆ, ಬೀಜ ಸಮೇತ ಅದರಲ್ಲಿ ತಿಂಗಳುಗಟ್ಟಲೆ ಬಿಡುತ್ತಾರೆ. ಈ ವಿಧಾನ 2013ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೆ ಸೇರಿತು. ಬಿಳಿ ದ್ರಾಕ್ಷಿಯ ವೈನ್ ಹೀಗೆ ಜೇನಿನ ಬಣ್ಣಕ್ಕೆ ತಿರುಗುತ್ತದೆ, ಕೆಂಪು ವೈನ್‌ನಂತೆ ಒಗರು ಬರುತ್ತದೆ. ರ್ಕತ್ಸಿತೆಲಿ ತಳಿಯಲ್ಲಿ ಸ್ಟೀಲ್ ಟ್ಯಾಂಕಿನದ್ದು ಒಂದು, ಕ್ವೆವ್ರಿಯದ್ದು ಒಂದು ಸಿಕ್ಕರೆ, ಒಗರು ಅನ್ನೋದು ಸಿಪ್ಪೆ ಬೀಜಗಳಿಂದ ಬರುತ್ತದೆ ಅನ್ನುವ ಪಾಠ ಅಲ್ಲಿಗೆ ಮುಗಿಯಿತು.

ಈ ದಾರಿಯಲ್ಲಿ ಇನ್ನೊಂದು ಅನುಕೂಲ ಇದೆ. ಒಲೊರೊಸೊ ತೆರೆದ ಮೇಲೂ ವಾರಗಟ್ಟಲೆ ಚೆನ್ನಾಗಿರುತ್ತದೆ, ಮಡೈರಾ (ಪೋರ್ಚುಗಲ್‌ನ ಅದೇ ಹೆಸರಿನ ದ್ವೀಪದ ವೈನ್) ತಿಂಗಳುಗಟ್ಟಲೆ. ಮಡೈರಾ ಮಾಡುವಾಗಲೇ ಬಿಸಿ, ಗಾಳಿ ಎರಡನ್ನೂ ಕಂಡಿರುತ್ತದೆ, ಇನ್ನು ಅದನ್ನು ಕೆಡಿಸುವುದಕ್ಕೆ ಏನೂ ಉಳಿದಿಲ್ಲ. ಒಬ್ಬರೇ ಕಲಿಯುವವರಿಗೆ ಇದು ದೊಡ್ಡ ಉಪಕಾರ. ಫಿನೊ ಮಾತ್ರ ಹಾಗಲ್ಲ, ತೆರೆದರೆ ಫ್ರಿಜ್‌ನಲ್ಲಿಟ್ಟು ಒಂದು ವಾರದೊಳಗೆ ಮುಗಿಸಿ.

ಕೋರ್ಸ್ ಸೇರಬೇಕಾ?

ಗಡುವು, ಪರೀಕ್ಷೆ ಇದ್ದರೆ ಮಾತ್ರ ಓದುವ ಸ್ವಭಾವ ನಿಮ್ಮದಾದರೆ ಸೇರಿ. ಲಂಡನ್‌ನಲ್ಲಿ 1969ರಲ್ಲಿ ಶುರುವಾದ ಡಬ್ಲ್ಯುಎಸ್‌ಇಟಿ (ವೈನ್ ಅಂಡ್ ಸ್ಪಿರಿಟ್ ಎಜುಕೇಶನ್ ಟ್ರಸ್ಟ್) ಸಂಸ್ಥೆಯ ಕೋರ್ಸ್‌ಗಳು ಬಹಳ ದೇಶಗಳಲ್ಲಿ ನಡೆಯುತ್ತವೆ. ಮೊದಲ ಎರಡು ಹಂತಗಳಲ್ಲಿ ಪರೀಕ್ಷೆ ಬಹು ಆಯ್ಕೆಯ ಪ್ರಶ್ನೆಗಳದ್ದು, ಮೂರನೇ ಹಂತದಲ್ಲಿ ಲೇಬಲ್ ನೋಡದೆ ವೈನ್ ರುಚಿ ನೋಡಿ ಬರೆಯಬೇಕು. ಸಿಹಿ, ಹುಳಿ, ಒಗರು, ಆಲ್ಕೋಹಾಲ್, ಮೈ, ಬಾಯಲ್ಲಿ ಉಳಿಯುವ ಹೊತ್ತು, ಹೀಗೆ ಕ್ರಮವಾಗಿ ನೋಡುವ ಅಭ್ಯಾಸ ಬರುತ್ತದೆ, ಅದು ನಿಜವಾದ ಲಾಭ. ಆದರೆ ಖರ್ಚು ಜಾಸ್ತಿ. ಅಪರಿಚಿತ ವೈನ್‌ಗಳೇ ನಿಮ್ಮ ಗುರಿಯಾದರೆ ಇನ್ನೊಂದು ತೊಡಕಿದೆ, ಶುರುವಿನ ಹಂತಗಳು ಹೆಚ್ಚಾಗಿ ಹೆಸರಾದ ತಳಿ, ಹೆಸರಾದ ಪ್ರದೇಶಗಳ ಸುತ್ತಲೇ ಇರುತ್ತವೆ. ಆ ಕ್ರಮವನ್ನು ಮನೆಯಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡೂ ರೂಢಿಸಿಕೊಳ್ಳಬಹುದು.

ಯಾವ ದಾರಿ ಹಿಡಿದರೂ

ರೀಸ್ಲಿಂಗ್ ಜೋಡಿಯ ಹಾಗೆ ಬೇಕಂತಲೇ ಲೇಬಲ್ ನೋಡುವ ಪಾಠ ಬಿಟ್ಟರೆ, ಲೇಬಲ್ ಓದುವ ಮುಂಚೆ ಬರೆಯಿರಿ. ಫ್ರಾನ್ಸಿನ ಬೋರ್ಡೊದಲ್ಲಿ ವೈನ್ ಓದುವ ವಿದ್ಯಾರ್ಥಿಗಳಿಗೆ ಬಿಳಿ ವೈನ್‌ಗೇ ಕೆಂಪು ಬಣ್ಣ ಬೆರೆಸಿ ಕೊಟ್ಟ ಪ್ರಯೋಗವೊಂದು 2001ರಲ್ಲಿ ಪ್ರಕಟವಾಯಿತು. ಅವರು ಕೆಂಪು ವೈನ್‌ಗೆ ಬಳಸುವ ಪದಗಳಲ್ಲೇ ಅದರ ವಾಸನೆಯನ್ನು ವರ್ಣಿಸಿದರು. ಓದಿ ತಯಾರಾದವರ ಮೂಗನ್ನೇ ಕಣ್ಣು ಹೀಗೆ ಎಳೆದುಕೊಂಡು ಹೋಗುತ್ತದೆ ಅಂದರೆ, ಹೆಸರು, ಊರು, ಬೆಲೆ ಗೊತ್ತಿದ್ದಾಗ ನಮ್ಮ ಗತಿ ಏನು? ಎರಡು ಬಾಟಲಿಗೂ ಕಾಗದ ಸುತ್ತಿ, ಬೇರೆಯವರ ಹತ್ತಿರ ಸುರಿಸಿಕೊಳ್ಳಿ. ತುಂಬಾ ಸುಲಭ, ತುಂಬಾ ಕಲಿಸುತ್ತದೆ.

ಪ್ರಮಾಣದ ಬಗ್ಗೆ ಗಂಭೀರವಾಗಿ ಹೇಳಬೇಕು. ಮದ್ಯ ಎಷ್ಟೇ ಕಡಿಮೆ ಇದ್ದರೂ ಆರೋಗ್ಯಕ್ಕೆ ಸುರಕ್ಷಿತ ಅನ್ನುವ ಮಟ್ಟ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಕಲಿಕೆಯ ಗುರಿ ಕುಡಿಯುವ ಪ್ರಮಾಣ ಏರಿಸುವುದಕ್ಕೆ ನೆಪ ಆಗಬಾರದು. ರುಚಿ ನೋಡುವುದಕ್ಕೆ 50 ಮಿಲಿ ಧಾರಾಳ ಸಾಕು. ವೃತ್ತಿಯಲ್ಲಿರುವವರು ಬಾಯಲ್ಲಿ ಆಡಿಸಿ ಉಗುಳುತ್ತಾರೆ, ನೀವೂ ಉಗುಳಿ, ನಾಚಿಕೊಳ್ಳುವುದಕ್ಕೆ ಏನೂ ಇಲ್ಲ. 750 ಮಿಲಿ ಬಾಟಲಿಯೊಂದರಲ್ಲಿ ಇಂಥ ಹದಿನೈದು ಪಾಲು ಬರುತ್ತದೆ. ಅಂದರೆ ನಾಲ್ಕೈದು ಗೆಳೆಯರು ಸೇರಿದರೆ ಖರ್ಚೂ ಹಂಚಿಹೋಗುತ್ತದೆ, ವೈನ್ ಕೂಡ ಹಂಚಿಹೋಗುತ್ತದೆ. ಈ ಎಲ್ಲ ದಾರಿಗಳಲ್ಲೂ ಗುಂಪು ಕಟ್ಟಿಕೊಂಡವರು ವರ್ಷದ ಕೊನೆವರೆಗೆ ಮುಂದುವರಿಯುವ ಸಾಧ್ಯತೆ ಜಾಸ್ತಿ.

ಬಿಳಿ ವೈನ್ ತೀರಾ ತಣ್ಣಗಿದ್ದರೆ ವಾಸನೆ ಮುಚ್ಚಿಹೋಗುತ್ತದೆ, 10 ಡಿಗ್ರಿ ಆಸುಪಾಸು ಸರಿ. ಕೆಂಪಿಗೆ 15ರಿಂದ 18. ಹೋಲಿಸುವ ಎರಡೂ ವೈನ್ ಒಂದೇ ತಂಪಿನಲ್ಲಿ, ಒಂದೇ ಆಕಾರದ ಗ್ಲಾಸ್‌ನಲ್ಲಿ ಇರಲಿ, ಇಲ್ಲದಿದ್ದರೆ ನೀವು ಹೋಲಿಸುತ್ತಿರುವುದು ಗ್ಲಾಸ್‌ಗಳನ್ನೇ ಆಗಿಬಿಡುತ್ತದೆ. ಉಳಿದದ್ದಕ್ಕೆ ಬಿರಡೆ ಹಾಕಿ ಫ್ರಿಜ್‌ನಲ್ಲಿಡಿ, ಕೆಂಪಾದರೂ ಅಲ್ಲೇ ಇಡಿ. ಮಾರನೇ ದಿನ ಇನ್ನೊಂದು ಗುಟುಕು ನೋಡಿ, ಒಗರು ಜಾಸ್ತಿ ಇರುವ ಎಳೆಯ ಕೆಂಪು ವೈನ್ ಒಮ್ಮೊಮ್ಮೆ ಎರಡನೇ ದಿನವೇ ಚೆನ್ನಾಗಿರುತ್ತದೆ.

ಇನ್ನೂ ತೀರ್ಮಾನಕ್ಕೆ ಬರಲು ಆಗುತ್ತಿಲ್ಲ ಅನ್ನುವವರಿಗೆ ನಾನು ಹಾಕಿಕೊಡುವ ವರ್ಷ ಹೀಗಿರುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ರೀಸ್ಲಿಂಗ್ ಅಥವಾ ಸಿರಾ, ತಿಂಗಳಿಗೆ ಒಂದು ಜೋಡಿ. ಮೇ ತಿಂಗಳಿಂದ ಆಗಸ್ಟ್‌ವರೆಗೆ ಗ್ರೀಸ್. ಕೊನೆಯ ನಾಲ್ಕು ತಿಂಗಳು ಶೆರಿ, ಕ್ವೆವ್ರಿ, ಮಡೈರಾ. ಸೆಪ್ಟೆಂಬರ್ ಹೊತ್ತಿಗೆ ಗ್ರೀಸ್ ಬಿಟ್ಟು ಬರೋಕೆ ಮನಸ್ಸಾಗದಿದ್ದರೆ ಬರಬೇಡಿ, ಅಲ್ಲೇ ಇರಿ, ಶೆರಿ ಮುಂದಿನ ವರ್ಷಕ್ಕೂ ಇರುತ್ತದೆ.